ಗಿರಿಜತ್ತೆ ಹಿಡಿದ ತೆರೆ

ಅಕ್ಕಿಹಿಟ್ಟಿಗೆ ಸುಣ್ಣ ಬೆರೆತರೆ ಒಂದು ಹಸಿ ವಾಸನೆ ಏಳುತ್ತದೆ. ಹೋದ ತಿಂಗಳು ಬೊರಿವಲಿಯ ನಮ್ಮ ಬಿಲ್ಡಿಂಗಿನ ಗೋಡೆಗೆ ಸುಣ್ಣ ಬಳಿಯುತ್ತಿದ್ದರು, ನಾನು ದೋಸೆಗೆ ಅಕ್ಕಿ ರುಬ್ಬುತ್ತಿದ್ದೆ. ಎರಡೂ ವಾಸನೆ ಒಂದಾದದ್ದೇ ತಡ, ಘಾಟ್ಕೋಪರಿನ ಚಾಳಿನ ಒಂಟಿಕೋಣೆ ಮನೆ ಕಣ್ಣೆದುರು ಬಂತು. ಸಂಜೀವ ಮಾವ ಕೈಗನ್ನಡಿ ನೋಡುತ್ತ ಆ ಹಿಟ್ಟನ್ನು ಮುಖದ ಮೇಲೆ ಮುಳ್ಳುಮುಳ್ಳಾಗಿ ಇಡುತ್ತಿದ್ದ. ವಾರವಿಡೀ ಹೋಟೆಲಿನ ದೋಸೆಕಲ್ಲಿನ ಮುಂದೆ ಬೆವರುತ್ತಿದ್ದ ಮಾವ ಭಾನುವಾರ ಯಕ್ಷಗಾನದ ರಾಕ್ಷಸ. ಅಭ್ಯಾಸದ ಹೊತ್ತಿಗೆ ಅವನ ಹೆಂಡತಿ ಗಿರಿಜತ್ತೆ ಚಾದರದ ಒಂದು ತುದಿಯನ್ನು ಕಿಟಕಿಯ ಸರಳಿಗೆ ಕಟ್ಟಿ, ಇನ್ನೊಂದನ್ನು ಹಿಡಿದು ಅಲುಗಿಸುತ್ತಿದ್ದಳು. ಅದರ ಹಿಂದಿನಿಂದ ಮೊದಲು ಘರ್ಜನೆ, ಆಮೇಲೆ ಕಿರೀಟ, ಆಮೇಲೆ ಬೆನ್ನು. ಮುಖ ಎಲ್ಲಕ್ಕಿಂತ ಕೊನೆಗೆ. ತಾಯಿಯಿಲ್ಲದ ನನ್ನನ್ನು ಸಾಕಿದವರು ಇವರಿಬ್ಬರೇ. ಹೆದರಿ ಅತ್ತೆಯ ಸೀರೆಯಲ್ಲಿ ಮುಖ ಹುದುಗಿಸಿದರೂ ಒಂದು ಕಣ್ಣನ್ನು ತೆರೆದೇ ಇಟ್ಟಿರುತ್ತಿದ್ದೆ.

ಮಾವನ ಮೈಕಟ್ಟು ನೋಡಿ ಮಲಾಡಿನ ಸ್ಟುಡಿಯೋದವರು ಒಂದು ಹಿಂದಿ ಚಿತ್ರದ ರಾಕ್ಷಸನಾಗಲು ಕರೆದರು. ಬಾಗಿಲು ಮುರಿದು ನೇರ ಕ್ಯಾಮೆರಾದ ಮುಂದೆ ಬಾ ಎಂದ ನಿರ್ದೇಶಕ. ಮಾವ ಜಪ್ಪಯ್ಯ ಅಂದರೂ ಒಪ್ಪಲಿಲ್ಲ. “ಮುಖ ಒಮ್ಮೆಲೇ ತೋರ್ಸಿದ್ರೆ ರಾಕ್ಷಸನಿಗೆ ಮರ್ಯಾದೆ ಉಂಟಾ ಮಾರಾಯ್ರೆ? ತೆರೆ ಇಲ್ಲದೆ ನಾನು ಬರುದಿಲ್ಲ.” ಮಾತಿಗೆ ಮಾತು ಬೆಳೆದು, ಮಧ್ಯಾಹ್ನದ ಊಟ ತಣ್ಣಗಾಗಿ, ಕೊನೆಗೆ ಸೋತ ನಿರ್ದೇಶಕ ಅಂಗಳದಲ್ಲಿ ಒಣಹಾಕಿದ ಬಟ್ಟೆಯಂತೆ ಒಂದು ಬಿಳಿ ಚಾದರ ಕಟ್ಟಿಸಿದ. ಅದನ್ನು ಅಲುಗಿಸುವ ಲಯ ಸೆಟ್ಟಿನಲ್ಲಿ ಯಾರಿಗೂ ಬರಲಿಲ್ಲ. ನನ್ನನ್ನು ಕರೆದುಕೊಂಡು ಬುತ್ತಿ ತಂದಿದ್ದ ಗಿರಿಜತ್ತೆಯೇ ಸೆರಗು ಸಿಕ್ಕಿಸಿ ನಿಂತಳು. ಚಿತ್ರದಲ್ಲಿ ಚಾದರದ ಬಲತುದಿಯಲ್ಲಿ ಅವಳ ನಾಲ್ಕು ಬೆರಳು ಕಾಣುತ್ತಿದ್ದವು. ಅದು ಟಿವಿಯಲ್ಲಿ ಬಂದಾಗಲೆಲ್ಲ ಇಡೀ ಚಾಳು ರಾಕ್ಷಸನನ್ನು ಬಿಟ್ಟು ಆ ಬೆರಳುಗಳಿಗೆ ಚಪ್ಪಾಳೆ ತಟ್ಟುತ್ತಿತ್ತು. “ಸಾಕು, ಸುಮ್ನಿರಿ” ಎನ್ನುತ್ತ ಅತ್ತೆ ಕೈಯನ್ನು ಸೆರಗಿನಲ್ಲಿ ಅಡಗಿಸುತ್ತಿದ್ದಳು.

ಆಮೇಲಿನ ಸಿನಿಮಾ ಭೂತಗಳೆಲ್ಲ ಪರದೆಯ ಹಿಂದಿನಿಂದ ಇಷ್ಟಿಷ್ಟೇ ಕಾಣಿಸಿಕೊಳ್ಳಲು ಕಲಿತವು. ತಿಳಿದವರು ಇದನ್ನು ವಿದೇಶಿ ಪ್ರಭಾವ ಎನ್ನುತ್ತಾರೆ. ಎಲ್ಲಿಯ ವಿದೇಶ! ಅದು ನಮ್ಮ ಹಾಸಿಗೆಯ ಚಾದರದ ಹಿಂದಿನಿಂದ ಬಂದದ್ದು ಎಂದು ಯಾರ ಮುಂದೆ ಬೇಕಾದರೂ ಹೇಳುತ್ತೇನೆ. ಮಾವ ಹೋದ, ಅತ್ತೆ ಹೋದಳು, ಚಾಳಿನ ಜಾಗದಲ್ಲಿ ಟವರ್ ಎದ್ದಿದೆ. ಅತ್ತೆಯದೊಂದು ಫೋಟೋ ಕೂಡ ನನ್ನ ಬಳಿ ಇಲ್ಲ. ನೋಡಬೇಕೆನಿಸಿದಾಗ ಆ ಬೆರಳುಗಳನ್ನೇ ನೋಡುತ್ತಿದ್ದೆ. ಸುಣ್ಣ ಬಳಿದ ಅದೇ ವಾರ, ಆ ಹಳೆಯ ಚಿತ್ರವನ್ನು ಹೊಸದಾಗಿ ಶುಚಿಗೊಳಿಸಿ ಮಲಾಡಿನ ಥಿಯೇಟರಿಗೆ ತಂದಿದ್ದಾರೆಂದು ತಿಳಿದು ಮಗಳೊಂದಿಗೆ ಹೋದೆ. ಚಾದರ ಅಲುಗಿತು. ಬೆರಳಿರಲಿಲ್ಲ.

ಚಿತ್ರ ಮುಗಿದ ಮೇಲೆ, ಅದನ್ನು ಶುಚಿಗೊಳಿಸಿದವರ ಪರವಾಗಿ ಮಾತಾಡಲು ನಿಂತಿದ್ದ ಹುಡುಗನನ್ನು ಎಲ್ಲರೆದುರೇ ಕೇಳಿದೆ, ಬೆರಳು ಎಲ್ಲಿ ಎಂದು. ಅವನು ನಕ್ಕ. “ವೋ ಗಲ್ತಿ ಥೀ ಆಂಟಿ, ಕ್ಲೀನ್ ಕರ್ ದಿಯಾ.” ತಪ್ಪಾಗಿ ಬಿದ್ದದ್ದಂತೆ, ಅಳಿಸಿದರಂತೆ.

“ಗಲ್ತಿ ನಹೀ ಥೀ,” ಎಂದೆ. “ಮೇರಿ ಮಾಮಿ ಥೀ.”

ಮಗಳು ತೋಳು ಎಳೆದಳು. “ಅಮ್ಮಾ, ಕೂತ್ಕೋ ಪ್ಲೀಸ್. ಎಲ್ರೂ ನೋಡ್ತಾ ಇದಾರೆ.”

“ನೋಡ್ಲಿ.”

ವಾಪಸ್ ಬರುವಾಗ ಲೋಕಲ್ ರೈಲಿನಲ್ಲಿ ಕಿಟಕಿಯ ಕಡೆ ಮುಖ ಮಾಡಿ ಅತ್ತುಬಿಟ್ಟೆ. ಸಿಟ್ಟಿನ ಅಳು ಅದು. ರಾಕ್ಷಸನನ್ನು ಉಳಿಸಿಕೊಂಡು ಅವನಿಗೆ ತೆರೆ ಹಿಡಿದವಳನ್ನು ಒರೆಸಿಹಾಕಿದ್ದರು.

ಮರುದಿನ ಸಂಜೆ ಒಬ್ಬಳೇ ಹೋಗಿ ಮುಂದಿನ ಸಾಲಿನಲ್ಲಿ ಕೂತೆ. ಬಿಳಿ ಚಾದರ ಕಾಣುತ್ತಲೇ ಎದ್ದು, ತೆರೆಯ ಬಲತುದಿಗೆ ನಡೆದು ಕೈ ಎತ್ತಿದೆ. ಹಿಂದಿನಿಂದ “ಬೈಠೋ, ಬೈಠೋ” ಎಂದು ಕೂಗಿದರು. ಕೂರಲಿಲ್ಲ. ಮಾವ ಮುಖ ತಿರುಗಿಸುವವರೆಗೂ ನನ್ನ ನಾಲ್ಕು ಬೆರಳ ನೆರಳು ಆ ಚಾದರವನ್ನು ಹಿಡಿದೇ ಇತ್ತು.