ಐನೂರು ಕಡ್ಡಿ ಹಿಲ್ಡಾ

ಮೋರ್ಕಮ್ ಕಡಲತೀರದ ಮಿಠಾಯಿ ಕಾರ್ಖಾನೆಯಲ್ಲಿ ಗ್ಲೆಂಡಾ ನಲವತ್ತೊಂದು ವರ್ಷ ಸಕ್ಕರೆಯಲ್ಲಿ ಹೆಸರು ಬರೆದಳು. ಬರೆಯುವುದೆಂದರೆ ಕಟ್ಟುವುದು. ಬಿಸಿ ಪಾಕದ ಕೆಂಪು ಬಿಳಿ ಪಟ್ಟಿಗಳನ್ನು ಜೋಡಿಸಿ ಒಂದೊಂದೇ ಅಕ್ಷರ ಮಾಡಿ, ಸುತ್ತ ಇನ್ನಷ್ಟು ಪಾಕ ಸುತ್ತಿ, ಆ ದಪ್ಪ ಮುದ್ದೆಯನ್ನು ಬೆರಳುಗಾತ್ರಕ್ಕೆ ಎಳೆದು ಕತ್ತರಿಸಿದರೆ ಐನೂರು ಕಡ್ಡಿ. ಎಲ್ಲಿ ಮುರಿದರೂ ಒಳಗೆ ಅದೇ ಹೆಸರು. ಒಂದೇ ಒಂದು ಕಡ್ಡಿ ಮಾಡಿಕೊಡಿ ಎಂದರೆ ಆಗದ ಮಾತು.

ಹಾಗಾಗಿ ಊರೆಲ್ಲ ಇಡುವ ಹೆಸರಿಗಷ್ಟೇ ಅಲ್ಲಿ ಜಾಗ. ಗ್ಲೆಂಡಾ ಕೆಲಸಕ್ಕೆ ಸೇರಿದಾಗ ಹುಟ್ಟಿದ ಹೆಣ್ಣುಕೂಸೆಲ್ಲ ಟ್ರೇಸಿ, ಶರನ್. ಆಮೇಲೆ ಜೆಮ್ಮಾಗಳು ಬಂದರು, ಕ್ಲೋಯಿಗಳು ಬಂದರು. ಈಗ ಕಲ್ಲೆಸೆದರೆ ಒಲಿವಿಯಾಗೆ ತಾಗುತ್ತದೆ. ಮೊಮ್ಮಗಳು ಹುಟ್ಟಿದಾಗ ಮಗಳು ಕೆರಿ ಕೂಡ ಅದನ್ನೇ ಇಡುವವಳಿದ್ದಳು. ಗ್ಲೆಂಡಾ ಹಟ ಹಿಡಿದು ತನ್ನ ತಾಯಿಯ ಹೆಸರು ಇಡಿಸಿದಳು: ಹಿಲ್ಡಾ. ಅದೇ ಕಾರ್ಖಾನೆಯ ಅದೇ ಮೇಜಿನ ಮೇಲೆ ಗ್ಲೆಂಡಾಗೆ ಅಕ್ಷರ ಕಟ್ಟಲು ಕಲಿಸಿದವಳು ಆ ತಾಯಿ.

ಆರು ವರ್ಷದ ಹಿಲ್ಡಾ ಒಂದು ಶುಕ್ರವಾರ ಶಾಲೆಯಿಂದ ಬಂದು ಕೋಟೂ ಬಿಚ್ಚದೆ ಮುಖ ಊದಿಸಿಕೊಂಡು ಕೂತಳು. ತರಗತಿಯಲ್ಲಿ ನಾಲ್ಕು ಜನ ಒಲಿವಿಯಾಗಳು. ಹಿಲ್ಡಾ ಅಂದರೆ ಹಲ್ಲಿಲ್ಲದ ಮುದುಕಿಯರ ಹೆಸರು ಎಂದು ನಗುತ್ತಾರಂತೆ. ಸೋಮವಾರದಿಂದ ತಾನೂ ಒಲಿವಿಯಾ, ಹಿಲ್ಡಾ ಎಂದು ಯಾರು ಕರೆದರೂ ಓಗೊಡುವುದಿಲ್ಲ ಎಂದಳು.

"ನೀನು ಎಲ್ಲಾರ್ ಹೆಸ್ರಿಂದೂ ಮಾಡ್ತೀಯ ಅಜ್ಜಿ. ನನ್ ಹೆಸ್ರಿಂದು ಮಾತ್ರ ಮಾಡಲ್ಲ."

ಗ್ಲೆಂಡಾ ಅವಳ ಕೋಟಿನ ಗುಂಡಿ ಬಿಚ್ಚತೊಡಗಿದಳು. ಹಟ ಮಾಡಿ ಇಡಿಸಿದವಳು ತಾನೇ ಅಲ್ಲವೇ?

ಮರುದಿನವೇ ಅವಳ ಕೆಲಸದ ಕೊನೆಯ ದಿನ. ನಿವೃತ್ತಿಯಾಗುವವರು ಕೊನೆಯ ಮುದ್ದೆಯಲ್ಲಿ ತಮಗೆ ಬೇಕಾದ್ದು ಬರೆದುಕೊಳ್ಳುವುದು ಆ ಕಾರ್ಖಾನೆಯ ರೂಢಿ. ಎಲ್ಲರೂ ಬರೆದುಕೊಳ್ಳುವುದು ತಮ್ಮ ಹೆಸರನ್ನೇ. ಗ್ಲೆಂಡಾ ಎಂಬ ಹೆಸರಂತೂ ಅಲ್ಲಿ ಎಂದೂ ಮಿಠಾಯಿಯಾಗಿರಲಿಲ್ಲ. ಯಜಮಾನ ಕ್ಲೆಗ್ ಅವಳು ಜೋಡಿಸುತ್ತಿದ್ದ ಅಕ್ಷರಗಳನ್ನು ನೋಡಿ ಹುಬ್ಬೇರಿಸಿದ.

"ಇಷ್ಟು ವರ್ಷ ಊರೋರ್ ಹೆಸ್ರು ಬರ್ದೆ, ಒಂದ್ಸಲ ನಿಂದು ಬರ್ಕೊಳಮ್ಮ."

"ನನ್ ಹೆಸ್ರು ನಂಗೆ ಅಭ್ಯಾಸ ಆಗ್ಹೋಗಿದೆ ಸಾರ್. ಅಭ್ಯಾಸ ಆಗ್ದೇ ಇರೋಳು ಮನೇಲಿದಾಳೆ."

ಗ್ಲೆಂಡಾ ಕೊನೆಯ ಅಕ್ಷರ ಜೋಡಿಸಿ, ಸುತ್ತ ಪಾಕ ಸುತ್ತಿ, ಮುದ್ದೆ ಎಳೆಯತೊಡಗಿದಳು.

ಸೋಮವಾರ ಬೆಳಿಗ್ಗೆ ಶಾಲೆಯ ಗೇಟಿನ ಬಳಿ ಗ್ಲೆಂಡಾ ಆ ಕಡ್ಡಿಗಳ ಒಂದು ಡಬ್ಬಿ ತೆರೆದಳು. ಹಿಲ್ಡಾ ಒಂದು ಕಡ್ಡಿ ತೆಗೆದು ಈ ತುದಿ ನೋಡಿದಳು, ಆ ತುದಿ ನೋಡಿದಳು. ನಂಬಿಕೆ ಬರದೆ ನಡುವೆ ಮುರಿದು ನೋಡಿದಳು. ಡಬ್ಬಿಯನ್ನು ಎದೆಗವಚಿಕೊಂಡು ಅಂಗಳಕ್ಕೆ ನಡೆದಳು. ಒಲಿವಿಯಾಗಳು ಮುತ್ತಿಕೊಂಡರು. ಒಬ್ಬಳು, ಒಲಿವಿಯಾ ಅಂತ ಇರೋದು ಕೊಡು ಎಂದಳು.

"ನಿಂದು ಎಲ್ಲಾ ಅಂಗ್ಡೀಲೂ ಸಿಗತ್ತೆ. ಇದು ಎಲ್ಲೂ ಸಿಗಲ್ಲ. ಬೇಕಾ, ಬೇಡ್ವಾ?"

ನಾಲ್ಕೂ ಕೈ ಮುಂದೆ ಬಂದವು. ಅಷ್ಟರಲ್ಲಿ ಗಂಟೆಯಾಯಿತು. ಟೀಚರ್ ಬಾಗಿಲಲ್ಲಿ ನಿಂತು ಹೆಸರು ಕೂಗತೊಡಗಿದರು. ಗ್ಲೆಂಡಾ ಗೇಟಿನ ಸರಳು ಹಿಡಿದು ನಿಂತೇ ಇದ್ದಳು. ಹಿಲ್ಡಾ ಎಂದು ಕೂಗಿದಾಗ, ಬಾಯ್ತುಂಬ ಮಿಠಾಯಿ ಇಟ್ಟುಕೊಂಡೇ ಹುಡುಗಿ ಓಗೊಟ್ಟಳು.