ಟೇಪ್ ನಿಂತ ಮೇಲೂ ಎತ್ತಿಕೊಟ್ಟ ಅಕ್ಷರಗಳು

ನನ್ನ ಹತ್ತಿರ ಅಕ್ಷರ ಕಲಿತವರು ಈಗ ಮದುವೆ ಮನೆಗಳಲ್ಲಿ, ಬಸ್ಸುಗಳಲ್ಲಿ ಸಿಗುತ್ತಾರೆ. ‘ಟೀಚರ್, ನಮಗೆ ಅ ಆ ಹೇಳ್ಕೊಟ್ಟಿದ್ದು ನೀವೇ’ ಎಂದು ಕಾಲಿಗೆ ಬೀಳಲು ಬರುತ್ತಾರೆ. ಒಳ್ಳೆಯ ಮಕ್ಕಳು, ಸುಖವಾಗಿರಲಿ. ಆದರೆ ಅವರು ಬಗ್ಗಿದಾಗಲೆಲ್ಲ ನಾನು ಹಿಂದೆ ಸರಿಯುತ್ತೇನೆ. ನನ್ನ ಕೈಯಲ್ಲಿ ಒಂದೂವರೆ ವರ್ಷ ಕಳೆದುಕೊಂಡ ಒಬ್ಬಳು ಹುಡುಗಿ ಇದ್ದಾಳೆ. ಅವಳ ಲೆಕ್ಕಕ್ಕೆ ಈ ನಮಸ್ಕಾರಗಳು ಜಮೆಯಾಗುವುದಿಲ್ಲ.

ತೊಂಬತ್ತರ ದಶಕದ ನಡುವಿನ ಮಾತು. ಶಿವಮೊಗ್ಗದ ವಿನೋಬನಗರದ ಮನೆಯಿಂದ ಬೆಳಿಗ್ಗೆ ಬಸ್ಸು ಹತ್ತಿ ಭದ್ರಾವತಿ, ಅಲ್ಲಿಂದ ಇನ್ನೊಂದು ಬಸ್ಸಿನಲ್ಲಿ ಪೇಪರ್ ಮಿಲ್ಲಿನ ಕಾಗದನಗರ. ಕ್ವಾರ್ಟರ್ಸಿನ ಕೆಲವು ಹೆಂಗಸರು ಸೇರಿ ನಡೆಸುತ್ತಿದ್ದ ಪುಟ್ಟ ಶಿಶುವಿಹಾರದಲ್ಲಿ ನಾನೊಬ್ಬಳೇ ಟೀಚರ್. ಒಂದು ಕೋಣೆ, ಎರಡು ಚಾಪೆ, ಇಪ್ಪತ್ತು ಚಿಲ್ಲರೆ ಮಕ್ಕಳು. ಅರ್ಧ ಮಕ್ಕಳ ಮನೆಮಾತು ತಮಿಳು ಇಲ್ಲವೇ ತೆಲುಗು. ಅವು ಬಂದ ಮೊದಲ ಕೆಲವು ತಿಂಗಳು ಬಾಯಿಯೇ ಬಿಡುತ್ತಿರಲಿಲ್ಲ. ಆಮೇಲೆ ಒಂದು ದಿನ ಕನ್ನಡದಲ್ಲೇ ಜಗಳ ಶುರುಮಾಡುತ್ತಿದ್ದವು. ಇದನ್ನು ನಾನು ಎಷ್ಟು ಸಲ ನೋಡಿದ್ದೆನೆಂದರೆ, ಮೂಕನಂತೆ ಕೂತ ಮಗುವನ್ನು ಕಂಡರೆ ಚಿಂತೆ ಮಾಡುವುದನ್ನೇ ಬಿಟ್ಟಿದ್ದೆ.

ಬಾಯಿಪಾಠವೆಂದರೆ ನನಗೆ ಆಗುತ್ತಿರಲಿಲ್ಲ. ಮಗು ಅಕ್ಷರವನ್ನು ಮುಟ್ಟಬೇಕು, ಕೇಳಬೇಕು ಎಂದು ಟ್ರೈನಿಂಗಿನಲ್ಲಿ ಹೇಳಿದ್ದು ತಲೆಗೆ ಹತ್ತಿತ್ತು. ರಟ್ಟಿನಲ್ಲಿ ಅಕ್ಷರಗಳನ್ನು ಕತ್ತರಿಸಿ, ಮೇಲೆ ಉಪ್ಪುಕಾಗದ ಅಂಟಿಸಿದೆ. ಬೆರಳಾಡಿಸಿದರೆ ತರಿತರಿ ಅನ್ನಬೇಕು. ಅಪ್ಪನ ಹಳೆಯ ಟೇಪ್ ರೆಕಾರ್ಡರ್ ಹೊತ್ತು ತಂದು, ಅದರಲ್ಲಿ ನನ್ನದೇ ದನಿ ತುಂಬಿಸಿದೆ. ಒಂದು ಅಕ್ಷರ, ಆಮೇಲೆ ಹತ್ತು ಎಣಿಸುವಷ್ಟು ಹೊತ್ತು ಏನೂ ಇಲ್ಲ. ಅಷ್ಟರಲ್ಲಿ ಮಗು ಚಾಪೆಯ ಮೇಲೆ ಹರಡಿದ ರಟ್ಟುಗಳಲ್ಲಿ ಆ ಅಕ್ಷರವನ್ನು ಹುಡುಕಿ ನನ್ನ ಕೈಗೆ ಕೊಡಬೇಕು. ಹೆತ್ತವರಿಗೆ ಹೆಗ್ಗಣ ಮುದ್ದು ಅನ್ನುತ್ತಾರಲ್ಲ, ಈ ಆಟ ನನಗೆ ಹಾಗಿತ್ತು. ಶಂಕರಘಟ್ಟದ ಯೂನಿವರ್ಸಿಟಿಯಿಂದ ನಾಲ್ಕು ಮಂದಿ ವಿದ್ಯಾರ್ಥಿಗಳು ಬಂದು ನೋಡಿ, ನೋಟ್ಸ್ ಬರೆದುಕೊಂಡು ಹೋದ ಮೇಲಂತೂ ನನ್ನನ್ನು ಹಿಡಿಯುವವರೇ ಇರಲಿಲ್ಲ.

ಆ ವಿದ್ಯಾರ್ಥಿಗಳ ಮುಂದೆ ನಾನು ನಿಲ್ಲಿಸಿದ್ದು ಈ ಹುಡುಗಿಯನ್ನು. ಅಪ್ಪನಿಗೆ ಮಿಲ್ಲಿನಲ್ಲಿ ಕೆಲಸ, ಮನೆಯಲ್ಲಿ ತಮಿಳು. ಮೂರೂವರೆ ವರ್ಷಕ್ಕೆ ಸೇರಿದವಳು. ಬಾಯಿಂದ ‘ಮ್ಮಾ’ ಅನ್ನುವಂಥ ಒಂದು ಸದ್ದು ಬಿಟ್ಟರೆ ಮಾತಿಲ್ಲ. ಆದರೆ ಅಕ್ಷರದ ಆಟದಲ್ಲಿ ಅವಳನ್ನು ಮೀರಿಸುವವರಿರಲಿಲ್ಲ. ಟೇಪಿನ ಪಕ್ಕದಲ್ಲೇ ಕೂತು, ಸ್ಪೀಕರಿನ ಜಾಲರಿಯ ಮೇಲೆ ಅಂಗೈ ಇಟ್ಟು, ನನ್ನ ಮುಖ ನೋಡುತ್ತ, ಅ ಇಂದ ಅಃ ತನಕ ಹದಿನೈದನ್ನೂ ತಪ್ಪಿಲ್ಲದೆ ಎತ್ತಿಕೊಡುತ್ತಿದ್ದಳು. ಮಷಿನ್ ಮುಟ್ಟಬೇಡ ಎಂದು ಕೈ ಸರಿಸಿದರೆ ಮತ್ತೆ ಅಲ್ಲಿಗೇ ಇಡುತ್ತಿದ್ದಳು. ಮೊಂಡುತನ ಎಂದುಕೊಂಡಿದ್ದೆ.

ಸೇರಿಸಿದ ಮೂರನೆಯ ತಿಂಗಳಲ್ಲಿ ಅವಳ ಅಮ್ಮ ಬಾಗಿಲ ಹತ್ತಿರ ನಿಂತು ಕೇಳಿದಳು.

“ಟೀಚರ್, ಇವಳು ಇನ್ನೂ ಮಾತೇ ಆಡಲ್ಲ. ಹಿಂದಿನಿಂದ ಕರೆದ್ರೆ ತಿರುಗಲ್ಲ. ಶಿವಮೊಗ್ಗದಲ್ಲಿ ಡಾಕ್ಟರ್‌ಗೆ ಒಂದ್ಸಲ ತೋರಿಸ್ಲಾ? ಇವರು ಬೇಡ ಅಂತಾರೆ, ನಮ್ಮತ್ತೆನೂ ಬೇಡ ಅಂತಾರೆ. ನೀವು ಹೇಳಿದ್ರೆ ಹೋಗ್ತೀನಿ.”

ನಾನು ನಕ್ಕೆ. ಆ ನಗು ನೆನೆದರೆ ಇವತ್ತಿಗೂ ಮೈ ಉರಿಯುತ್ತದೆ.

“ಅಯ್ಯೋ ಮಾರಾಯ್ತಿ, ಟೇಪಲ್ಲಿ ಹೇಳಿದ ಅಕ್ಷರನೆಲ್ಲ ಒಂದೂ ತಪ್ಪದೆ ಎತ್ಕೊಡ್ತಾಳೆ. ಕಿವಿ ಕೇಳ್ದೆ ಅದು ಆಗುತ್ತಾ? ಮನೇಲಿ ತಮಿಳು, ಇಲ್ಲಿ ಕನ್ನಡ. ಮಗು ಯಾವುದು ಅಂತ ಹಿಡ್ಕೊಳ್ಳುತ್ತೆ? ಸುಮ್ನಿರು, ಒಂದಿನ ಎರಡರಲ್ಲೂ ಶುರುಮಾಡ್ತಾಳೆ. ಆಗ ಬಾಯಿ ಮುಚ್ಚಿಸೋದೇ ನಿಂಗೆ ಕೆಲಸ.”

ಅವಳ ಮುಖ ಅರಳಿತು. ನೀವು ಹೇಳಿದ ಮೇಲೆ ಸರಿ ಬಿಡಿ ಟೀಚರ್ ಎಂದು ಹೋದಳು. ಮನೆಯವರೆಲ್ಲ ಬೇಡವೆಂದಾಗ ಆ ಹೆಂಗಸು ತನ್ನ ಅನುಮಾನವನ್ನು ನಂಬಿಕೊಂಡು ನನ್ನ ತನಕ ಬಂದಿದ್ದಳು. ಅದನ್ನು ಚಿವುಟಿ ಹಾಕಿದವಳು ನಾನು. ನಂತರವೂ ಮನೆಯಲ್ಲಿ ಮಗು ಮಾತಾಡದಿದ್ದರೆ ಶಾಲೆಯಲ್ಲಿ ಕನ್ನಡ ಆಡುತ್ತಿರಬೇಕೆಂದು ಅವಳು ಸಮಾಧಾನ ಮಾಡಿಕೊಂಡಳಂತೆ. ಶಾಲೆಯಲ್ಲಿ ಆಡದಿದ್ದರೆ ಮನೆಯಲ್ಲಿ ತಮಿಳು ಆಡುತ್ತಿರಬೇಕೆಂದು ನಾನು ಸಮಾಧಾನ ಮಾಡಿಕೊಂಡೆ. ಎರಡು ಭಾಷೆಯ ನಡುವೆ ಒಂದು ಮಗು ಪೂರ್ತಿ ಸುಮ್ಮನಿತ್ತು.

ಎರಡನೆಯ ವರ್ಷದ ಕೊನೆಗೆ ಕ್ಯಾಸೆಟ್ ಕೆಟ್ಟಿತು. ಮಷಿನ್ ಒಳಗೆ ಟೇಪ್ ಸಿಕ್ಕಿಕೊಂಡು, ಎಳೆದರೆ ಮಾರುದ್ದ ಈಚೆ ಬಂತು. ಮನೆಯಲ್ಲಿ ಕೂತು ಹೊಸದಾಗಿ ತುಂಬಿಸಿದೆ. ಆಟ ಸ್ವಲ್ಪ ಕಷ್ಟವಾಗಲಿ ಎಂದು ಈ ಸಲ ಅಕ್ಷರಗಳನ್ನು ಸಾಲು ತಪ್ಪಿಸಿ ಹೇಳಿದೆ. ಮಾರನೆಯ ದಿನ, ದೊಡ್ಡಸ್ತಿಕೆಯಿಂದ, ಮೊದಲು ಅವಳನ್ನೇ ಕರೆದೆ.

ಟೇಪ್ ‘ಓ’ ಅಂದಿತು. ಅವಳು ‘ಅ’ ಎತ್ತಿ ನನ್ನ ಕೈಯಲ್ಲಿಟ್ಟಳು. ‘ಇ’ ಅಂದಿತು. ‘ಆ’ ಕೊಟ್ಟಳು. ಮಕ್ಕಳು ಹೋ ಎಂದು ನಕ್ಕವು. ಅವೆಲ್ಲ ನಗುತ್ತಿರುವುದನ್ನು ನೋಡಿ ಅವಳೂ ನಕ್ಕಳು. ನನ್ನನ್ನೇ ಆಡಿಸುತ್ತಿದ್ದಾಳೆ ಅನ್ನಿಸಿ ಪಿತ್ತ ನೆತ್ತಿಗೇರಿತು. ಸ್ಕೇಲ್ ತೆಗೆದು ಅಂಗೈಗೆ ಎರಡು ಬಿಟ್ಟೆ. ಸಿಟ್ಟಿನಲ್ಲೇ ಟೇಪ್ ಆಫ್ ಮಾಡಿ, ನಗುತ್ತಿದ್ದವರನ್ನು ಗದರಿಸಲು ಆ ಕಡೆ ತಿರುಗಿದೆ. ಯಾರೋ ಸೆರಗು ಎಳೆದರು. ಅವಳೇ. ಕಣ್ಣಲ್ಲಿ ನೀರಿತ್ತು, ಕೈಯಲ್ಲಿ ‘ಇ’ ಇತ್ತು. ಅದನ್ನು ಕೊಟ್ಟಳು. ಆಮೇಲೆ ‘ಈ’. ಆಮೇಲೆ ‘ಉ’. ನಿಂತ ಟೇಪಿನ ಪಕ್ಕದಲ್ಲಿ ಅವಳು ಒಂದೊಂದಾಗಿ ಎಲ್ಲವನ್ನೂ, ಹಳೆಯ ಸಾಲಿನಲ್ಲಿ, ಅಃ ತನಕ ನನ್ನ ಕೈಗೆ ತುಂಬಿದಳು.

ಅವಳ ಬೆನ್ನ ಹಿಂದೆ ಹೋಗಿ, ಮೇಜಿನ ಮೇಲಿದ್ದ ಹಿತ್ತಾಳೆ ಗಂಟೆಯನ್ನು ಬಲವಾಗಿ ಬಾರಿಸಿದೆ. ಉಳಿದ ಮಕ್ಕಳೆಲ್ಲ ಕಿವಿ ಮುಚ್ಚಿಕೊಂಡವು. ಅವಳು ರಟ್ಟುಗಳನ್ನು ಜೋಡಿಸುತ್ತ ಕೂತಿದ್ದಳು. ಮತ್ತೆ ಬಾರಿಸಿದೆ. ತಿರುಗಲಿಲ್ಲ.

ಅವಳು ಕಲಿತದ್ದು ಹದಿನೈದು ಆಕಾರಗಳ ಒಂದು ಸಾಲು. ಯಾವಾಗ ಕೊಡಬೇಕೆಂಬುದನ್ನು ಅಂಗೈಗೆ ತಾಗುವ ಸ್ಪೀಕರಿನ ನಡುಕದಿಂದಲೂ ನನ್ನ ಮುಖದಿಂದಲೂ ತಿಳಿದುಕೊಂಡಿದ್ದಳು. ಇಷ್ಟು ಜಾಣ ಮಗುವನ್ನು ಅದಕ್ಕೆ ಮುಂಚೆಯೂ ಆಮೇಲೂ ನಾನು ನೋಡಿಲ್ಲ. ಆ ಜಾಣತನವೇ ಅವಳ ಕಿವುಡನ್ನು ಮುಚ್ಚಿತ್ತು, ಅದಕ್ಕೆ ಬೇಕಾದ ಆಟ ಕಟ್ಟಿಕೊಟ್ಟವಳು ನಾನು.

ಅಂದೇ ಸಂಜೆ ಅವರ ಕ್ವಾರ್ಟರ್ಸಿಗೆ ಹೋಗಿ ಹೇಳಿದೆ. ಆ ವಾರ ಶಿವಮೊಗ್ಗದ ಕಿವಿ ಡಾಕ್ಟರ ಹತ್ತಿರ ನಾನೂ ಜೊತೆಗಿದ್ದೆ. ಪರೀಕ್ಷೆ ಮುಗಿಸಿ ಅವರು ಕೇಳಿದರು.

“ಏನಮ್ಮ, ಇಷ್ಟು ತಡ ಯಾಕೆ ಮಾಡಿದ್ರಿ? ಮಾತು ಕಲಿಯೋ ವಯಸ್ಸು ಇದು. ಮೂರೂವರೆಗೆ ಬಂದಿದ್ರೂ ಎಷ್ಟೋ ಆಗ್ತಿತ್ತು. ನಿಮಗೆ ಗೊತ್ತೇ ಆಗ್ಲಿಲ್ವಾ?”

ತಾಯಿ ನನ್ನ ಕಡೆ ನೋಡಲಿಲ್ಲ. “ನಮಗೆ ಗೊತ್ತಾಗ್ಲಿಲ್ಲ ಸಾರ್” ಅಂದಳು. ಬಾಯಿ ಬಿಟ್ಟು ‘ತಡ ಮಾಡಿಸಿದ್ದು ನಾನು’ ಅನ್ನಬೇಕಿತ್ತು. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು ಎಂಬ ಗಾದೆಯನ್ನು ಬೇರೆಯವರಿಗೆ ಎಷ್ಟು ಸಲ ಹೇಳಿದ್ದೇನೋ. ನನಗೆ ಬುದ್ಧಿ ಬಂದ ಮೇಲೂ ಧೈರ್ಯ ಬರಲಿಲ್ಲ.

ಬೇಸಿಗೆ ಕಳೆಯುತ್ತಿದ್ದಂತೆ ಅಮ್ಮ, ಮಗಳು ಮೈಸೂರಿಗೆ ಹೊರಟರು. ಅಲ್ಲಿ ಕಿವಿ ಕೇಳದ ಮಕ್ಕಳ ಶಾಲೆ, ಜೊತೆಗೆ ಅಮ್ಮಂದಿರಿಗೂ ಪಾಠ. ಆಗಲೇ ಒಂದು ತಿಂಗಳು ಅಲ್ಲಿದ್ದು ಬಂದಿದ್ದರು. ಹೊರಡುವ ಮುಂಚೆ ಹೇಳಿ ಹೋಗಲು ಶಿಶುವಿಹಾರಕ್ಕೆ ಬಂದರು. ಹುಡುಗಿಯ ಎದೆಯ ಮೇಲೆ ಸಣ್ಣ ಪೆಟ್ಟಿಗೆಯಂಥ ಮಷಿನ್, ಅದರಿಂದ ಎರಡು ಕಿವಿಗೂ ವೈರು. ನನ್ನನ್ನು ಕಂಡು ಓಡಿ ಬಂದಳು, ಸ್ಲೇಟು ಎಳೆದುಕೊಂಡು ಕೂತಳು. ಅವಳದು ಕೊಂಬು, ಒತ್ತು ಏನೂ ಇಲ್ಲದ ಮೂರಕ್ಷರದ ಹೆಸರು. ನಾನೇ ಉಪ್ಪುಕಾಗದದಲ್ಲಿ ಕತ್ತರಿಸಿ, ಬೆರಳು ಹಿಡಿದು ತಿದ್ದಿಸಿದ್ದು. ಅದನ್ನು ಗುಂಡಗೆ ಬರೆದು ತೋರಿಸಿದಳು.

“ನೋಡು, ಹೆಸರು ಎಷ್ಟು ಚೆನ್ನಾಗಿ ಬರೀತಾಳೆ” ಎಂದೆ. ಏನಾದರೂ ಒಂದು ಉಳಿದಿದೆಯಲ್ಲ ಎಂಬ ಆಸೆ ಇನ್ನೂ ಇತ್ತು.

“ಬರೀತಾಳೆ ಟೀಚರ್” ಅಂದಳು ತಾಯಿ. ದನಿಯಲ್ಲಿ ಸಿಟ್ಟಿರಲಿಲ್ಲ, ಇದ್ದಿದ್ದರೆ ಚೆನ್ನಾಗಿತ್ತು. “ಆದ್ರೆ ಅದು ತನ್ನ ಹೆಸರು ಅಂತ ಅವಳಿಗೆ ಗೊತ್ತಿಲ್ಲ. ತನಗೊಂದು ಹೆಸರಿದೆ ಅನ್ನೋದೇ ಗೊತ್ತಿಲ್ಲ ಅಂದ್ರು ಅಲ್ಲಿ. ಈಗ ಅದನ್ನೇ ಮೊದಲು ಕಲಿಸ್ತಿದ್ದಾರೆ.”

ಐದು ವರ್ಷ ದಾಟಿದ ಮಗು. ನನಗೆ ತಡೆಯಲಾಗದೆ ಅಳು ಬಂತು. ಅವಳು ನನ್ನ ಮುಖವನ್ನೂ ಸ್ಲೇಟನ್ನೂ ನೋಡಿದಳು. ತಪ್ಪು ಬರೆದೆನೆಂದುಕೊಂಡಳೋ ಏನೋ, ಎಲ್ಲವನ್ನೂ ಅಳಿಸಿ, ಅದೇ ಮೂರಕ್ಷರವನ್ನು ಮತ್ತೆ ಬರೆಯಲು ಕೂತಳು.