ಅತ್ತೆಯ ಕುಟ್ಟಾಣಿ

ನಮ್ಮ ಅತ್ತೆಯ ಬಲಗೈ ಹೆಬ್ಬೆರಳಿನಲ್ಲಿ ಒಂದು ಗೆರೆಯೂ ಇರಲಿಲ್ಲ. ಮದುವೆಯಾಗಿ ಬಂದಾಗಿನಿಂದ ಮಡಕೆಯ ಮಣ್ಣು ಒತ್ತಿ ಒತ್ತಿ ಅದು ಹೊಳೆಕಲ್ಲಿನಂತೆ ನುಣ್ಣಗಾಗಿತ್ತು. ರೇಷನ್ ಅಂಗಡಿಯ ಯಂತ್ರ ಅವರ ಬೆರಳನ್ನು ಒಪ್ಪದಿದ್ದಾಗ, "ನನ್ನ ಹೆಬ್ಬೆಟ್ಟು ಬೇಕಂದ್ರೆ ಮಡಕೆ ಒಳಗಡೆ ಐತೆ, ಬಂದು ನೋಡ್ಕಳಪ್ಪ" ಎಂದು ಅಂಗಡಿಯವನಿಗೇ ಹೇಳಿ ಬಂದಿದ್ದರು. ಬಾಯಲ್ಲಿ ಹಲ್ಲಿರಲಿಲ್ಲ, ಮಾತಿಗೆ ಮಾತ್ರ ಇತ್ತು. ಎಲೆಅಡಿಕೆಯನ್ನು ಕುಟ್ಟಾಣಿಯಲ್ಲಿ ಕುಟ್ಟಿಕೊಂಡೇ ಬಾಯಿಗೆ ಹಾಕಬೇಕು. ಚಾಮರಾಜಪುರಂನ ನಮ್ಮ ಮನೆಯಲ್ಲಿ ಆ ಕುಟುಕುಟು ಸದ್ದು ಇದ್ದೇ ಇರುತ್ತಿತ್ತು.

ಅವರ ಕಸುಬು ಕಲಿಯಲು ಕೂತವಳು ಸೊಸೆಯಾದ ನಾನೊಬ್ಬಳೇ. ಮೂರು ಸಲ ಮಡಕೆ ಸುಡುವ ಆವಿಗೆ ಹಾಕಿದೆ, ಮೂರು ಸಲವೂ ನನ್ನ ಮಡಕೆಗಳೆಲ್ಲ ಸುಡುವಾಗಲೇ ಸೀಳಿದವು. ಲಾರಿಯಲ್ಲಿ ತರಿಸಿದ ಮಣ್ಣು, ಮೊದಲಿನ ಕೆರೆಮಣ್ಣಲ್ಲ. ಸಾಕಾಗಿಹೋಯಿತು.

"ಸೋಮವಾರದಿಂದ ಹೆಬ್ಬಾಳದ ಫ್ಯಾಕ್ಟರಿಗೆ ಹೋಗ್ತೀನಿ ಅತ್ತೆ" ಎಂದೆ.

ಅವರು ಒಳಗೆ ಹೋಗಿ, ತಮ್ಮ ಅತ್ತೆ ಮಾಡಿದ್ದ ರಾಗಿ ಗುಡಾಣವನ್ನು ಹಿತ್ತಿಲಿಗೆ ಉರುಳಿಸಿಕೊಂಡು ಬಂದರು. ಗೌರಿಹಬ್ಬಕ್ಕೆ ನಾವೆಲ್ಲ ಅರಿಶಿನ ಕುಂಕುಮವಿಟ್ಟು ಕೈಮುಗಿಯುತ್ತಿದ್ದ ಗುಡಾಣ. ಗುಂಡುಕಲ್ಲು ಎತ್ತಿ ಒಂದೇ ಏಟಿಗೆ ಒಡೆದುಬಿಟ್ಟರು.

ಅತ್ತೆಗೆ ತಲೆ ಕೆಟ್ಟಿತೇ ಎಂದುಕೊಂಡೆ.

"ಚೂರೆಲ್ಲ ಪುಡಿ ಮಾಡಿ ಮಣ್ಣಿಗೆ ಕಲ್ಸು, ಸೀಳಲ್ಲ" ಎಂದರು.

"ನಾನು ಮಾಡಿದ್ದ ಒಡಕು ಮಡಕೆ ರಾಶಿ ಬಿದ್ದಿತ್ತಲ್ಲ ಅತ್ತೆ?"

"ಅವು ಬೆಂಕಿಗೆ ಸೋತವು ಕಣಮ್ಮ. ಗೆದ್ದಿರೋದನ್ನೇ ಹಾಕ್ಬೇಕು. ನಮ್ಮತ್ತೆನೂ ನಂಗೆ ಹಿಂಗೇ ಒಡೆದು ಕೊಟ್ಟಿದ್ರು, ಬುಡು."

ಮುಂದಿನ ಆವಿಗೆಯಲ್ಲಿ ಒಂದೂ ಸೀಳಲಿಲ್ಲ. ನಾನು ಫ್ಯಾಕ್ಟರಿಗೆ ಹೋಗಲಿಲ್ಲ. ಈಗ ಕುವೆಂಪುನಗರದ ಹೆಂಗಸರು ಸ್ಕೂಟರಿನಲ್ಲಿ ಬಂದು ಮೊಸರಿನ ಮಡಕೆ ಒಯ್ಯುತ್ತಾರೆ.

ಹೋದ ಆಷಾಢದಲ್ಲಿ ಅತ್ತೆ ಹಾಸಿಗೆ ಹಿಡಿದರು. ನಾನು ಹಿತ್ತಿಲಲ್ಲಿ ಮಣ್ಣು ತುಳಿಯುವಾಗ ಒಳಗಿನಿಂದ ಕುಟ್ಟಾಣಿಯ ಸದ್ದು ಕೇಳುತ್ತಿತ್ತು. ಎಲೆಅಡಿಕೆ ಹಾಕಿಕೊಳ್ಳುವಷ್ಟು ಜೀವವಿದೆಯಲ್ಲ ಎಂದು ಸಮಾಧಾನಪಟ್ಟುಕೊಂಡೆ. ಸಂಜೆ ಕುಟ್ಟಾಣಿಗೆ ಮೆತ್ತಿದ ಕೆಂಪನ್ನು ತೊಳೆದಿಡುತ್ತಿದ್ದೆ. ಶ್ರಾವಣದಲ್ಲಿ ಹೋಗಿಬಿಟ್ಟರು.

ತಿಥಿಯ ದಿನ ಅವರ ಕೈಯ ಮಡಕೆಯೊಂದನ್ನು ಫೋಟೋ ಮುಂದೆ ಇಡೋಣವೆಂದು ಅತ್ತೆಯ ಮಂಚದ ಕೆಳಗೆ ಬಗ್ಗಿದೆ. ಅಲ್ಲಿ ಸಾಲಾಗಿರುತ್ತಿದ್ದ ಏಳು ಪುಟ್ಟ ಮಡಕೆಗಳಲ್ಲಿ ಒಂದೂ ಇರಲಿಲ್ಲ. ಒಂದು ತಗಡಿನ ಡಬ್ಬ ಇತ್ತು. ಮುಚ್ಚಳ ತೆಗೆದರೆ ಬಾಯಿಯವರೆಗೂ ಮಡಕೆಯ ಕೆಂಪು ಪುಡಿ. ದಿನಾ ಸಂಜೆ ನಾನು ಎಲೆಅಡಿಕೆಯದೆಂದು ತೊಳೆಯುತ್ತಿದ್ದದ್ದು ಇದೇ ಕೆಂಪು.

ಆ ಗಾಬರಿ ಇವತ್ತಿಗೂ ಇಳಿದಿಲ್ಲ. ಅವರ ಕೈಯದೆನ್ನಲು ಮನೆಯಲ್ಲಿ ಒಂದು ಮುಚ್ಚಳವನ್ನೂ ಉಳಿಸಿರಲಿಲ್ಲ ಮಹಾತಾಯಿ.

ಒಂದೊಂದು ಆವಿಗೆಗೂ ಒಂದೊಂದು ಬೊಗಸೆ ಹಾಕುತ್ತಾ ಬಂದೆ. ಈಗ ಕೊನೆಯ ಬೊಗಸೆ ಉಳಿದಿದೆ. ಮಣ್ಣು ನೆನೆಸಿಟ್ಟು ಎರಡು ದಿನವಾಯಿತು. ಹಾಕದಿದ್ದರೆ ಅತ್ತೆ ಬೈಯುತ್ತಾರೆಂದು ಗೊತ್ತು, ಆದರೂ ಕೈ ಬರುತ್ತಿಲ್ಲ.